ಕಾಯ್ದಿರಿಸಿದ ಹಡಗು ಪ್ರವಾಸ: ಮುಂಗಡ ಕೊಟ್ಟ ಮೇಲೂ ಲೆಕ್ಕ ಮುಗಿಯದು

ಹುಮನಾಬಾದ್ ಮತ್ತು ಬಸವಕಲ್ಯಾಣದ ವ್ಯಾಪಾರಸ್ಥರಿಗೆ ಮುಂಗಡವೆಂಬುದು ನಿತ್ಯದ ವ್ಯವಹಾರ. ತೊಗರಿ ಸಾಗಿಸಲು ಲಾರಿಗೆ ಮುಂಗಡ ಕೊಟ್ಟ ನಂತರವೂ ತೂಕ, ಹೊರಡುವ ದಿನ, ಬಾಡಿಗೆಗಳ ಬಗ್ಗೆ ಮಾತುಕತೆ ನಡೆದೇ ಇರುತ್ತದೆ. ಆದರೆ ಅದೇ ವ್ಯಾಪಾರಿ ಕುಟುಂಬದೊಡನೆ ಹಡಗು ಪ್ರವಾಸ ಕಾಯ್ದಿರಿಸಿದರೆ, ಏಜೆಂಟರು ಕೊಟ್ಟ ರಸೀದಿಯನ್ನು ಕಪಾಟಿನಲ್ಲಿಟ್ಟು ಹೊರಡುವ ದಿನದವರೆಗೂ ತೆರೆದು ನೋಡುವುದಿಲ್ಲ. ಈ ಅಲಕ್ಷ್ಯದಿಂದ ಸಾವಿರಾರು ರೂಪಾಯಿ ಕೈತಪ್ಪಬಹುದು.

ಹಡಗು ಪ್ರವಾಸ ಈಗ ನಮ್ಮ ಭಾಗಕ್ಕೆ ದೂರದ ಮಾತಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಸಂಸ್ಥೆಯು ಮುಂಬಯಿಯಿಂದ ಗೋವಾ ಮೊದಲಾದೆಡೆಗೆ ಪ್ರವಾಸ ಆರಂಭಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಗೊಂಡಿತು. ಹುಮನಾಬಾದಿನಿಂದ ಹೆದ್ದಾರಿ 65ರಲ್ಲಿ ಸೊಲ್ಲಾಪುರ, ಪುಣೆಯ ಮಾರ್ಗವಾಗಿ ಮುಂಬಯಿ ಸೇರಬಹುದು. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗ ಹುಮನಾಬಾದನ್ನು ಮುಂಬಯಿಯ ಮುಖ್ಯ ಮಾರ್ಗಕ್ಕೆ ಜೋಡಿಸಿದೆ.

ದರ ಏಕೆ ಬದಲಾಗುತ್ತದೆ?

ಹಡಗಿನ ಕ್ಯಾಬಿನ್‌ಗಳ ಸಂಖ್ಯೆ ನಿಗದಿತ. ಹಡಗು ಬಂದರು ಬಿಟ್ಟ ಮೇಲೆ ಖಾಲಿ ಉಳಿದ ಕ್ಯಾಬಿನ್ನಿಗೆ ಕವಡೆಯ ಬೆಲೆಯೂ ಇಲ್ಲ. ಆದುದರಿಂದ ಕಂಪನಿಗಳು ಬೇಡಿಕೆಗೆ ತಕ್ಕಂತೆ ದರ ಏರಿಸಿ ಇಳಿಸುತ್ತವೆ. ತಾವು ಕಾಯ್ದಿರಿಸಿದ ತಿಂಗಳ ನಂತರ ಅದೇ ದರ್ಜೆಯ ಕ್ಯಾಬಿನ್ ಕಡಿಮೆ ಬೆಲೆಗೆ ದೊರೆಯಬಹುದು. ಪೂರ್ಣ ಹಣ ಪಾವತಿಸುವ ಕೊನೆಯ ದಿನಾಂಕದವರೆಗೆ ಗ್ರಾಹಕನ ಮಾತಿಗೆ ಬಲವಿರುತ್ತದೆ. ಆ ದಿನ ಕಳೆದರೆ ಕೇಳುವ ಅವಕಾಶ ಬಹುಮಟ್ಟಿಗೆ ಮುಗಿದಂತೆ.

ಕೇಳಬಹುದಾದುದು ಮೂರು ಬಗೆ. ಒಂದು, ಕಾಯ್ದಿರಿಸುವಿಕೆಯನ್ನು ರದ್ದು ಮಾಡದೆ ಹೊಸ ದರಕ್ಕೆ ಇಳಿಸಿಕೊಡುವುದು. ಎರಡು, ದರ ಇಳಿಸಲಾಗದಿದ್ದರೆ ಅದೇ ಹಣಕ್ಕೆ ಸಮುದ್ರ ಕಾಣುವ ಅಥವಾ ಬಾಲ್ಕನಿಯುಳ್ಳ ಕ್ಯಾಬಿನ್. ಮೂರು, ಹಡಗಿನಲ್ಲಿ ಖರ್ಚು ಮಾಡಲು ಬರುವ ಜಮಾ ಮೊತ್ತ. ಅನೇಕ ಕಂಪನಿಗಳಲ್ಲಿ ಒಂದೇ ಕ್ಯಾಬಿನ್ನಿನ ಮೂರನೆಯ ಮತ್ತು ನಾಲ್ಕನೆಯ ಪ್ರಯಾಣಿಕರಿಗೆ ದರ ಕಡಿಮೆ. ಎರಡು ಕ್ಯಾಬಿನ್ ಹಿಡಿದ ನಾಲ್ವರ ಕುಟುಂಬವು ನಾಲ್ಕು ಹಾಸಿಗೆಯ ಕ್ಯಾಬಿನ್ನಿಗೆ ಬದಲಾಯಿಸಿದರೆ ಎಷ್ಟು ಉಳಿಯುವುದೆಂದು ವಿಚಾರಿಸುವುದು ಲೇಸು.

ನಿವ್ವಳ ಲೆಕ್ಕವೇ ಮುಖ್ಯ

ಉದಾಹರಣೆಗೆ, ದಂಪತಿಗಳ ದರ 80,000 ರೂ. ಎಂದಿಟ್ಟುಕೊಳ್ಳೋಣ. ಅದೇ ಕ್ಯಾಬಿನ್ 70,000 ರೂ.ಗೆ ಇಳಿಯಿತು. ಏಜೆಂಟರು ದರ ಇಳಿಸಿಕೊಟ್ಟರೆ ಪೂರ್ತಿ 10,000 ರೂ. ಉಳಿತಾಯ. ಆದರೆ ರದ್ದು ಮಾಡಿ ಹೊಸದಾಗಿ ಕಾಯ್ದಿರಿಸಬೇಕಾಗಿ, ರದ್ದತಿ ಶುಲ್ಕ ಶೇ. 10 ಇದ್ದರೆ 8,000 ರೂ. ಹೋಗಿ ಉಳಿಯುವುದು 2,000 ರೂ. ಮಾತ್ರ. ಮೊದಲ ಕಾಯ್ದಿರಿಸುವಿಕೆಯೊಡನೆ ಉಚಿತವಾಗಿ ಸಿಕ್ಕಿದ್ದ 3,000 ರೂ. ಬೆಲೆಯ ಸೌಲಭ್ಯವೂ ಹೋದರೆ 1,000 ರೂ. ನಷ್ಟ! ಇಳಿದ ದರವನ್ನು ಕಂಡೊಡನೆ ರದ್ದು ಮಾಡುವುದು ಜಾಣತನವಲ್ಲ. ಹೊಸ ಕಾಯ್ದಿರಿಸುವಿಕೆ ಖಚಿತವಾಗುವ ತನಕ ಹಳೆಯದನ್ನು ಬಿಡಲೂಬಾರದು. ಬಂದರು ಶುಲ್ಕ, ಸೇವಾ ಭಕ್ಷೀಸು ಇತ್ಯಾದಿಗಳು ಸಾಮಾನ್ಯವಾಗಿ ದರದೊಡನೆ ಇಳಿಯುವುದಿಲ್ಲವೆಂಬುದನ್ನೂ ಗಮನಿಸತಕ್ಕದ್ದು.

ಕಂಪನಿ ಕೊಟ್ಟ ಪ್ರವಾಸವಾದರೆ

ಸಿಮೆಂಟ್, ಬಣ್ಣ, ಟೈರು ಮುಂತಾದವುಗಳ ಕಂಪನಿಗಳು ಮಾರಾಟದ ಗುರಿ ಮುಟ್ಟಿದ ಡೀಲರುಗಳಿಗೆ ಪ್ರವಾಸ ಕೊಡುವುದುಂಟು. ಇಂಥ ಕೊಡುಗೆಗಳ ಮೌಲ್ಯ ವರ್ಷಕ್ಕೆ 20,000 ರೂ. ಮೀರಿದರೆ ಶೇ. 10 ತೆರಿಗೆ ಮುರಿಯಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿದೆ. ಡೀಲರು ಸ್ವಂತ ಹಣದಿಂದ ಉನ್ನತ ಕ್ಯಾಬಿನ್ ಪಡೆದರೆ ಅಥವಾ ಪತ್ನಿ, ಮಕ್ಕಳನ್ನು ಸೇರಿಸಿದರೆ ಆ ಪಾವತಿಗೆ ಪ್ರತ್ಯೇಕ ರಸೀದಿ ಪಡೆಯಲಿ. ಇಲ್ಲವಾದರೆ ತಾನೇ ಕೊಟ್ಟ ಹಣವೂ ಕೊಡುಗೆಯ ಲೆಕ್ಕಕ್ಕೆ ಸೇರುವ ಸಂಭವವಿದೆ. ವಿದೇಶಿ ಪ್ರವಾಸದ ಪ್ಯಾಕೇಜುಗಳ ಮೇಲೆ 2020ರ ಅಕ್ಟೋಬರ್ 1ರಿಂದ ಮೂಲದಲ್ಲಿ ತೆರಿಗೆ ಸಂಗ್ರಹ ಆರಂಭವಾಯಿತು. ಅದು ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುವ ಮೊತ್ತವಾದ್ದರಿಂದ ರಸೀದಿಯಲ್ಲಿ ಪ್ಯಾನ್ ಸಂಖ್ಯೆ ಸರಿಯಿರಲಿ. ದರ ಬದಲಾದಾಗ ಈ ಮೊತ್ತವೂ ಸರಿಹೊಂದಿದೆಯೇ ಎಂದು ಲೆಕ್ಕಿಗರಿಂದ ನೋಡಿಸಿಕೊಳ್ಳುವುದು ಒಳಿತು.

ಆದಕಾರಣ ಕಾಯ್ದಿರಿಸಿದ ದಿನವೇ ಮೂರು ಸಂಗತಿಗಳನ್ನು ಖಾತೆ ಪುಸ್ತಕದಲ್ಲಿ ಬರೆದಿಡಬೇಕು: ಪೂರ್ಣ ಪಾವತಿಯ ಕೊನೆಯ ದಿನ, ರದ್ದತಿ ಶುಲ್ಕ ಹೆಚ್ಚುವ ದಿನಗಳು, ಮತ್ತು ದರದಲ್ಲಿ ಸೇರಿದ ಸೌಲಭ್ಯಗಳು. ಹದಿನೈದು ದಿನಕ್ಕೊಮ್ಮೆ ದರ ವಿಚಾರಿಸಿ, ಒಪ್ಪಿದ ಬದಲಾವಣೆಯನ್ನು ಲಿಖಿತವಾಗಿಯೇ ಪಡೆಯಬೇಕು. ಸರಕಿನ ಬಾಡಿಗೆಯಲ್ಲಿ ನೂರು ರೂಪಾಯಿಗೂ ಲೆಕ್ಕ ಕೇಳುವ ನಾವು ಕುಟುಂಬದ ಪ್ರವಾಸದಲ್ಲಿಯೂ ಅಷ್ಟೇ ಎಚ್ಚರ ವಹಿಸಿದರೆ ಕೊಟ್ಟ ಹಣಕ್ಕೆ ತಕ್ಕ ಫಲ ದೊರೆಯುವುದು.