ನಿಧಾನದ ಬಟ್ಟೆಗೆ ಅವಸರದ ಲೆಕ್ಕ ಸಲ್ಲದು

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ಸಮೀಪದಲ್ಲಿ ಭೀಮನಕೋಣೆ ಎಂಬ ಪುಟ್ಟ ಊರಿದೆ. ನೇಕಾರಿಕೆಗಿಂತ ಅಡಿಕೆ ತೋಟಗಳಿಗೆ ಹೆಸರಾದ ಈ ಸೀಮೆಯಲ್ಲಿ 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘವು ರೂಪುಗೊಂಡಿತು. ಕೈಮಗ್ಗದ ನೇಯ್ಗೆ, ಅಡಿಕೆ ಚೊಗರು, ನೀಲಿ, ದಾಳಿಂಬೆ ಸಿಪ್ಪೆ ಮೊದಲಾದವುಗಳ ನೈಸರ್ಗಿಕ ಬಣ್ಣ, ಅಚ್ಚಿನ ಮುದ್ರಣ, ಹೊಲಿಗೆ ಇವೆಲ್ಲವೂ ಗ್ರಾಮೀಣ ಮಹಿಳೆಯರ ಕೈಯಲ್ಲೇ ನಡೆದವು. ಸಿದ್ಧ ಉಡುಪುಗಳು ‘ದೇಸಿ’ ಎಂಬ ಹೆಸರಿನ ಮಳಿಗೆಗಳ ಮೂಲಕ ನಗರದ ಗ್ರಾಹಕರನ್ನು ತಲುಪಿದವು.

ಇಂದು ‘ಸ್ಲೋ ಫ್ಯಾಷನ್’ ಎಂದು ಕರೆಯಲಾಗುವ ಪದ್ಧತಿಯ ಸಕಲ ಲಕ್ಷಣಗಳೂ ಚರಕದಲ್ಲಿದ್ದವು. ಆದರೂ 2020ರಲ್ಲಿ, ಕೋವಿಡ್ ಕಾಲದಲ್ಲಿ ಮಾರಾಟ ನಿಂತು ದಾಸ್ತಾನು ಉಳಿದಾಗ, ಸಂಸ್ಥೆಯು ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಸಾರಬೇಕಾಯಿತು. ಅನಂತರ ಕೆಲಸ ಮತ್ತೆ ಆರಂಭವಾಯಿತು. ಸದುದ್ದೇಶ, ಕಸುಬು, ಹೆಸರು ಮೂರೂ ಇದ್ದ ಸಂಸ್ಥೆಗೇ ಇಂತಹ ಸ್ಥಿತಿ ಬಂದಿತೆಂದರೆ, ಇದೇ ಹಾದಿ ಹಿಡಿಯಬಯಸುವ ಸಣ್ಣ ಉದ್ಯಮಿಯು ಮೊದಲು ನೋಡಬೇಕಾದುದು ದುಡಿಯುವ ಬಂಡವಾಳದ ಲೆಕ್ಕವನ್ನು.

ಕಾಲವೂ ಒಂದು ಕಚ್ಚಾವಸ್ತು

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಒಂದು ಕುರ್ತಾಕ್ಕೆ ನೂಲು, ನೇಯ್ಗೆ, ಬಣ್ಣ, ಹೊಲಿಗೆ ಸೇರಿ ರೂ. 900 ಖರ್ಚು, ತಿಂಗಳಿಗೆ 500 ಕುರ್ತಾಗಳ ತಯಾರಿಕೆ. ನೂಲು ಕೊಂಡ ದಿನದಿಂದ ಹಣ ಕೈಸೇರುವವರೆಗೆ ಎರಡು ತಿಂಗಳು ಹಿಡಿದರೆ ಸುಮಾರು 9 ಲಕ್ಷ ರೂಪಾಯಿ ತೊಡಗಿರುತ್ತದೆ. ಐದು ತಿಂಗಳು ಹಿಡಿದರೆ ಅದು 22.5 ಲಕ್ಷವಾಗುತ್ತದೆ. ಖರ್ಚೆಲ್ಲವೂ ಮೊದಲ ದಿನವೇ ಬೀಳುವುದಿಲ್ಲವಾದ್ದರಿಂದ ನಿಜವಾದ ಮೊತ್ತ ಇದಕ್ಕಿಂತ ತುಸು ಕಡಿಮೆಯಿದ್ದೀತು. ಆದರೆ ಅಂತರವಂತೂ ಸ್ಪಷ್ಟ. ಶೇ. 12ರ ಬಡ್ಡಿಯಲ್ಲಿ 22.5 ಲಕ್ಷಕ್ಕೆ ವರ್ಷಕ್ಕೆ 2.7 ಲಕ್ಷ, ಅಂದರೆ ಪ್ರತಿ ಕುರ್ತಾದ ಮೇಲೆ ರೂ. 45 ಬೀಳುತ್ತದೆ.

ಇದಕ್ಕಿಂತ ದೊಡ್ಡ ಹೊರೆ ಉಳಿಕೆ ಮಾಲಿನದು. ರೂ. 1,500ರ ದರದ ನೂರು ಕುರ್ತಾಗಳಲ್ಲಿ ಹದಿನೈದು ಅರ್ಧ ಬೆಲೆಗೆ ಹೋದರೆ ಕೈಬಿಡುವ ಮೊತ್ತ ರೂ. 11,250. ಪೂರ್ಣ ಬೆಲೆಗೆ ಮಾರಾಟವಾದ ಎಂಬತ್ತೈದರ ಮೇಲೆ ಹಂಚಿದರೆ ತಲಾ ರೂ. 132, ಅಂದರೆ ಬಡ್ಡಿಯ ಸುಮಾರು ಮೂರು ಪಟ್ಟು. ಆದುದರಿಂದ ನಿಧಾನದ ನಿಜವಾದ ಲಾಭವಿರುವುದು ಕಡಿಮೆ ತಯಾರಿಸುವುದರಲ್ಲಿ. ಸಣ್ಣ ತಂಡಗಳಲ್ಲಿ ತಯಾರಿಸಿ, ಮಾರಾಟವಾದ ಮಾದರಿಯನ್ನು ಮಾತ್ರ ಮತ್ತೆ ಮಗ್ಗಕ್ಕೆ ಏರಿಸುವವನು ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಲ್ಲನು. ನೈಸರ್ಗಿಕ ಬಣ್ಣದ ಛಾಯೆ ಪ್ರತಿ ಸಲವೂ ತುಸು ಬದಲಾಗುವುದರಿಂದ, ಈ ವಿಷಯವನ್ನು ಚೀಟಿಯಲ್ಲೇ ನಮೂದಿಸುವುದು ಒಳಿತು. ಮುಚ್ಚಿಟ್ಟರೆ ದೋಷವೆನಿಸುವುದು, ಹೇಳಿದರೆ ಗುಣವೆನಿಸುವುದು.

ಉದ್ರಿ ವ್ಯವಹಾರದ ಎಚ್ಚರ

ಹೊಸ ಬ್ರ್ಯಾಂಡುಗಳಿಗೆ ದೊಡ್ಡ ಮಳಿಗೆಗಳು ‘ಮಾರಾಟವಾದರೆ ಹಣ, ಇಲ್ಲವಾದರೆ ಮಾಲು ವಾಪಸು’ ಎಂಬ ಷರತ್ತನ್ನು ಒಡ್ಡುವುದುಂಟು. ಇಲ್ಲಿ ಬಂಡವಾಳ ತಯಾರಕನದು, ಜಾಗ ಮಾತ್ರ ಅಂಗಡಿಯದು. ಹೀಗೆ ಕಳುಹಿಸಿದ ಮಾಲಿಗೆ ಮಾರಾಟವಾದಾಗ ಅಥವಾ ಆರು ತಿಂಗಳು ತುಂಬಿದಾಗ, ಯಾವುದು ಮೊದಲೋ ಆಗ, ಜಿಎಸ್‌ಟಿ ಕಾನೂನಿನಂತೆ ಬಿಲ್ಲು ನೀಡಬೇಕು. ಖಚಿತ ಮಾರಾಟದಲ್ಲಾದರೋ 2006ರ ಎಂಎಸ್‌ಎಂಇಡಿ ಕಾಯಿದೆಯ ರಕ್ಷಣೆಯಿದೆ: ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ ಗರಿಷ್ಠ 45 ದಿನದೊಳಗೆ ಕೊಳ್ಳುವವನು ಹಣ ಪಾವತಿ ಮಾಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಉದ್ಯಮ್ ನೋಂದಣಿ ಮಾಡಿಸದೆ ಈ ರಕ್ಷಣೆಯನ್ನು ಕೇಳಲು ಹೋಗುವುದು ವ್ಯರ್ಥ ಪ್ರಯಾಸ.

ಬೆಲೆ ಮತ್ತು ತೆರಿಗೆ

ಕೈಉತ್ಪನ್ನಗಳ ಮೇಲಿನ ಜಿಎಸ್‌ಟಿಯನ್ನು ವಿರೋಧಿಸಿ 2017ರಲ್ಲಿ ಪ್ರಸನ್ನ ಅವರೇ ಸತ್ಯಾಗ್ರಹ ನಡೆಸಿದ್ದರು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ, ಒಂದಕ್ಕೆ ರೂ. 2,500ರವರೆಗಿನ ಸಿದ್ಧ ಉಡುಪಿಗೆ ಶೇ. 5, ಅದನ್ನು ಮೀರಿದರೆ ಶೇ. 18 ತೆರಿಗೆ. ರೂ. 2,500ರ ಉಡುಪು ಗ್ರಾಹಕನಿಗೆ ರೂ. 2,625ಕ್ಕೆ ದೊರೆತರೆ, ರೂ. 2,600ರದು ರೂ. 3,068 ಆಗುತ್ತದೆ. ತಯಾರಕನು ನೂರು ರೂಪಾಯಿ ಏರಿಸಿದರೆ ಗ್ರಾಹಕನ ಮೇಲೆ ಬೀಳುವುದು ರೂ. 443. ಕೈಕೆಲಸದ ಉಡುಪು ಸಹಜವಾಗಿಯೇ ದುಬಾರಿಯಾದ್ದರಿಂದ ಈ ಗಡಿಯ ಆಸುಪಾಸಿನಲ್ಲಿ ಬೆಲೆ ಕಟ್ಟುವಾಗ ವಿಶೇಷ ಎಚ್ಚರ ಅಗತ್ಯ. ಇನ್ನು ಹತ್ತಿಯ ಸೀರೆಯನ್ನು ಬಟ್ಟೆಯೆಂದು ಪರಿಗಣಿಸುವುದರಿಂದ ಅದಕ್ಕೆ ಬೆಲೆ ಎಷ್ಟಿದ್ದರೂ ಶೇ. 5 ಮಾತ್ರ. ಯಾವ ಸರಕನ್ನು ಆರಿಸಿಕೊಳ್ಳಬೇಕೆಂಬುದನ್ನು ನಿರ್ಧರಿಸುವಾಗ ಈ ವ್ಯತ್ಯಾಸವೂ ಗಮನದಲ್ಲಿರಬೇಕು.

ಬೆಲೆ ತಗ್ಗಿಸುವ ಒತ್ತಡ ಬಂದಾಗ ಮೊದಲು ಕತ್ತರಿ ಬೀಳುವುದು ಸಾಮಾನ್ಯವಾಗಿ ನೇಕಾರರ ಕೂಲಿಗೆ. ಅಲ್ಲಿ ಕೈಯಿಟ್ಟ ದಿನವೇ ಬ್ರ್ಯಾಂಡಿನ ಬುಡ ಅಲುಗುತ್ತದೆ, ಏಕೆಂದರೆ ಗ್ರಾಹಕನು ಹೆಚ್ಚಿನ ಬೆಲೆ ಕೊಡುತ್ತಿರುವುದೇ ಆ ಕೈಗಳಿಗಾಗಿ. ಕೂಲಿಯನ್ನು ಮೊದಲು ನಿಗದಿಪಡಿಸಿ, ದಾಸ್ತಾನನ್ನು ಅಳತೆಯಲ್ಲಿಟ್ಟು, ಮಾರಾಟ ನಿಂತ ಐದಾರು ತಿಂಗಳನ್ನು ತಾಳಿಕೊಳ್ಳುವಷ್ಟು ಆಪದ್ಧನವನ್ನು ಕೂಡಿಟ್ಟ ಬಳಿಕವೇ ಹೊಸ ಮಗ್ಗ ಹೂಡುವುದು ಲೇಸು.