ನಲ್ಲಿಯಲ್ಲಿ ಮುಗಿಯದ ನೀರಿನ ಪಾಠ

ಹಿರಿಯ ಪ್ರಾಥಮಿಕ ತರಗತಿಗಳಿಗೆ ‘ನೀರು’ ಘಟಕವನ್ನು ಆಯ್ದುಕೊಳ್ಳುವ ಪ್ರಶಿಕ್ಷಣಾರ್ಥಿಗಳ ಪಾಠ ಸಾಮಾನ್ಯವಾಗಿ ನದಿಯಿಂದ ಹೊರಟು ಮನೆಯ ನಲ್ಲಿಗೆ ಬಂದು ನಿಲ್ಲುತ್ತದೆ. ಚಾರ್ಟಿನಲ್ಲಿ ಬರೆದ ಬಾಣದ ಗುರುತುಗಳೂ ಅಲ್ಲಿಗೇ ಮುಗಿಯುತ್ತವೆ. ಆದರೆ ನಗರಕ್ಕೆ ಬಂದ ನೀರೆಲ್ಲ ಮತ್ತೆ ಎಲ್ಲಿಗೋ ಹೋಗಲೇಬೇಕು. ಒಳಬರುವ ನೀರು, ಹೊರಹೋಗುವ ನೀರು ಎರಡನ್ನೂ ಒಂದೇ ಲೆಕ್ಕದಲ್ಲಿ ಕಲಿಸಿದರೆ ಮಾತ್ರ ಈ ಘಟಕ ಪೂರ್ಣವಾಗುತ್ತದೆ. ಅದಕ್ಕೆ ಬೆಂಗಳೂರಿಗಿಂತ ಹತ್ತಿರದ ಉದಾಹರಣೆ ನಮಗಿಲ್ಲ.

ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂದದ್ದು 19ನೇ ಶತಮಾನದ ಕೊನೆಗೆ, ಅರ್ಕಾವತಿಯ ಹೆಸರಘಟ್ಟದಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಗಿ, ಹಿಂದಿನ ದಿನಕ್ಕೆ 145 ಕೋಟಿ ಲೀಟರ್ ಸಾಮರ್ಥ್ಯಕ್ಕೆ ಇನ್ನೂ 77.5 ಕೋಟಿ ಲೀಟರ್ ಕೂಡಿತು. ಈ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಬಾರಿ ಪಂಪಾಗಿ ಬರುತ್ತದೆ. ಇಸವಿಗಳನ್ನು ಬಾಯಿಪಾಠ ಮಾಡಿಸಬೇಕಿಲ್ಲ. ನದಿ ಕೆಳಗಿದೆ, ಊರು ಮೇಲಿದೆ ಎಂಬುದು ಮನಸ್ಸಿನಲ್ಲಿ ಉಳಿದರೆ ಸಾಕು.

ಈಗ ಲೆಕ್ಕ. ಬಳಸಿದ ನೀರಿನಲ್ಲಿ ಸುಮಾರು ಶೇ. 80ರಷ್ಟು ಕೊಳಚೆ ನೀರಾಗಿ ಮರಳುತ್ತದೆ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ದೊಡ್ಡ ಸಂಖ್ಯೆಯಿಂದ ತೊಡಗಬಾರದು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ರೂಢಿಯ ಮಾನದಂಡ. 15 ಲೀಟರಿನ ಕೊಡದಲ್ಲಿ 9 ಕೊಡ. ಅದರಲ್ಲಿ 7 ಕೊಡಕ್ಕೂ ಹೆಚ್ಚು, ಅಂದರೆ 108 ಲೀಟರ್, ಚರಂಡಿಗೆ. 40 ಮಕ್ಕಳ ತರಗತಿಗೆ 4,320 ಲೀಟರ್. ಇದನ್ನು ಮಕ್ಕಳೇ ಹಲಗೆಯ ಮೇಲೆ ಮಾಡಿದ ನಂತರ ಐದನೇ ಹಂತದ 77.5 ಕೋಟಿ ಲೀಟರ್ ಕೊಡಿ. 62 ಕೋಟಿ ಲೀಟರ್ ಹೊಸ ಕೊಳಚೆ ಎಂಬ ಉತ್ತರ ಅವರಿಂದಲೇ ಬರುತ್ತದೆ. ಕೊಳವೆಬಾವಿ, ಟ್ಯಾಂಕರ್ ನೀರು ಇದರಲ್ಲಿ ಸೇರಿಲ್ಲ. ಕುಡಿಯುವ ನೀರಿನ ಯೋಜನೆ ಉದ್ಘಾಟನೆಯಾದ ದಿನವೇ ಕೊಳಚೆ ಶುದ್ಧೀಕರಣದ ಹೊಣೆಯೂ ಬೆಳೆಯುತ್ತದೆ. ಪತ್ರಿಕೆಗಳ ಮುಖಪುಟಕ್ಕೆ ಬರುವುದು ಮೊದಲನೆಯದು ಮಾತ್ರ.

ಇಲ್ಲಿ ಮಕ್ಕಳು ಎಡವುವ ಒಂದು ಜಾಗವಿದೆ. ರಾಜಕಾಲುವೆಯೂ ಒಳಚರಂಡಿಯೂ ಒಂದೇ ಎಂದು ಅವರು ತಿಳಿದಿರುತ್ತಾರೆ. ಕಣ್ಣಿಗೆ ಕಾಣುವುದೂ ಹಾಗೆಯೇ. ರಾಜಕಾಲುವೆ ಮಳೆನೀರನ್ನು ಕೆರೆಯಿಂದ ಕೆರೆಗೆ ಒಯ್ಯುವ ದಾರಿ. ಒಳಚರಂಡಿ ಮನೆಯ ಕೊಳಚೆಯನ್ನು ಶುದ್ಧೀಕರಣ ಘಟಕಕ್ಕೆ ಒಯ್ಯುವ ಮುಚ್ಚಿದ ಕೊಳವೆ. ಎರಡನೆಯದು ಇಲ್ಲದಲ್ಲಿ ಅಥವಾ ಒಡೆದಲ್ಲಿ ಕೊಳಚೆ ಮೊದಲನೆಯದಕ್ಕೆ ಸೇರುತ್ತದೆ. ಬೆಳ್ಳಂದೂರು ಕೆರೆಯ ನೊರೆಯ ಕಥೆ ಅಲ್ಲಿಂದಲೇ ಆರಂಭ.

ಶುದ್ಧೀಕರಣದ ಮೂರು ಹಂತಗಳನ್ನು ಹೆಸರು ಹೇಳಿ ಮುಗಿಸುವ ಬದಲು ಒಂದು ಪ್ರಯೋಗ ಮಾಡಿಸಬಹುದು. ಮಣ್ಣು ಕಲಸಿದ ನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ, ಬಟ್ಟೆಯಲ್ಲೂ ತೊಳೆದ ಮರಳಿನಲ್ಲೂ ಸೋಸಿ. ನೀರು ತಿಳಿಯಾಗುತ್ತಾ ಬರುತ್ತದೆ. “ಈಗ ಇದು ಶುದ್ಧವೇ?” ಎಂದು ಕೇಳಿ, ಬಾಟಲಿಯಲ್ಲಿ ತುಂಬಿ ಅಲುಗಾಡಿಸಿ. ನೊರೆ ಬರುತ್ತದೆ. ಕರಗಿದ್ದು ಸೋಸಿದರೆ ಹೋಗುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಘಟಕದಲ್ಲಿ ಮೊದಲ ಹಂತ ಕಸ, ಮರಳು, ಕೆಸರನ್ನು ತೆಗೆಯುತ್ತದೆ. ಎರಡನೆಯದರಲ್ಲಿ ಗಾಳಿ ಊದಿ ಬೆಳೆಸಿದ ಸೂಕ್ಷ್ಮಜೀವಿಗಳು ಕರಗಿದ ಸಾವಯವ ಕೊಳೆಯನ್ನು ತಿನ್ನುತ್ತವೆ. ಆಮೇಲೂ ಉಳಿಯುವ ಸಾರಜನಕ, ರಂಜಕ, ರೋಗಾಣುಗಳಿಗೆ ಮೂರನೆಯ ಹಂತ ಬೇಕು. ಖರ್ಚು ಹೆಚ್ಚುವುದು ಅಲ್ಲೇ.

ಈ ಭೇದ ತಿಳಿದ ಮಕ್ಕಳ ಮುಂದೆ ಕೋಲಾರದ ಪ್ರಶ್ನೆಯನ್ನು ಇಡಬಹುದು. ವರ್ಷವಿಡೀ ಹರಿಯುವ ನದಿಯಿಲ್ಲದ ಆ ಜಿಲ್ಲೆಗೆ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರು ಕೊಡುವ ಯೋಜನೆಯಲ್ಲಿ 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಉದ್ದೇಶ ನೇರ ಕುಡಿಯುವುದಲ್ಲ. ಕೆರೆ ತುಂಬಿಸಿ ಅಂತರ್ಜಲ ಏರಿಸುವುದು. ನೀರು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಣೆಯಾದದ್ದು ಎಂಬ ಆಕ್ಷೇಪ ಎದ್ದು, ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಬತ್ತಿದ ಕೆರೆ ತುಂಬಿದ್ದನ್ನು ಕಂಡ ರೈತನ ಮಾತೂ, ಅದೇ ನೀರು ಕೊಳವೆಬಾವಿಗೆ ಇಳಿಯುತ್ತದೆಂದು ಅಂಜುವ ಪಕ್ಕದ ಮನೆಯವರ ಮಾತೂ ತರಗತಿಯಲ್ಲಿ ಬರಲಿ. ‘ನೀರಿನ ಮರುಬಳಕೆಯ ಲಾಭಗಳು’ ಎಂದು ಐದು ಅಂಶ ಬರೆಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದು ಮಕ್ಕಳಿಂದ ಪ್ರಶ್ನೆಯನ್ನೇ ಕಿತ್ತುಕೊಳ್ಳುತ್ತದೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕಾಗಬಹುದು: ತೋಟಕ್ಕೆ, ಶೌಚಾಲಯದ ಫ್ಲಶ್‌ಗೆ, ಕಟ್ಟಡ ಕೆಲಸಕ್ಕೆ, ಕೆರೆ ತುಂಬಿಸಲು, ಇವುಗಳಲ್ಲಿ ಯಾವುದಕ್ಕೆ ಎಷ್ಟನೇ ಹಂತದವರೆಗೆ ಸಂಸ್ಕರಿಸಿದ ನೀರು ಕೊಡುತ್ತೀರಿ, ಏಕೆ? ಉತ್ತರಕ್ಕಲ್ಲ, ‘ಏಕೆ’ಗೆ ಅಂಕ ಕೊಡಿ.