ಹಿರಿಯರಿಗೆ ನೆರವಿನ ನೆಲೆ: ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ಸರಕು ಕೊಳ್ಳುವ ಮುನ್ನ ಮಾದರಿಯನ್ನು ಬೆಳಕಿಗೆ ಹಿಡಿದು ನೋಡುವುದು, ತೂಕವನ್ನು ತಾಳೆ ಹಾಕುವುದು, ಮಾರುವವರ ನಡತೆಯನ್ನು ಪೇಟೆಯಲ್ಲಿ ವಿಚಾರಿಸುವುದು ವರ್ತಕರಿಗೆ ರಕ್ತಗತವಾದ ಅಭ್ಯಾಸ. ಆದರೆ ಮನೆಯ ಹಿರಿಯರಿಗೆ ಆರೈಕೆಯ ನೆಲೆಯೊಂದನ್ನು ಹುಡುಕುವ ಪ್ರಸಂಗ ಬಂದಾಗ ಈ ಅಭ್ಯಾಸ ಅನೇಕರ ಕೈಬಿಡುತ್ತದೆ. ಇದಕ್ಕೆ ಕಾರಣ ಅಲಕ್ಷ್ಯವಲ್ಲ, ಸಂಕೋಚ ಮತ್ತು ಆತುರ. ನೆಂಟರಿಷ್ಟರು ಏನೆಂದಾರೋ ಎಂಬ ಅಳುಕಿನಿಂದ ವಿಷಯವನ್ನು ವರ್ಷಗಟ್ಟಲೆ ಮುಂದೂಡಲಾಗುತ್ತದೆ. ಕೊನೆಗೊಂದು ದಿನ ತಂದೆಯವರು ಸ್ನಾನದ ಮನೆಯಲ್ಲಿ ಜಾರಿ ಬೀಳುತ್ತಾರೆ, ತೊಡೆಯ ಮೂಳೆ ಮುರಿಯುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ನಾಲ್ಕಾರು ದಿನಗಳಲ್ಲಿ ಮಕ್ಕಳು ಕೈಗೆ ಸಿಕ್ಕ ಮೊದಲ ಸಂಸ್ಥೆಗೆ ಮುಂಗಡ ಕಟ್ಟಿ ಬರುತ್ತಾರೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ಮೀರಿದವರ ಸಂಖ್ಯೆ ಸುಮಾರು 10.38 ಕೋಟಿ, ಅಂದರೆ ಜನಸಂಖ್ಯೆಯ ಶೇ. 8.6ರಷ್ಟಿತ್ತು. ಅಂದಿನಿಂದ ಈ ಪ್ರಮಾಣ ಏರುತ್ತಲೇ ಇದೆ. ಒಬ್ಬ ಮಗ ಬೆಂಗಳೂರಿನಲ್ಲಿ, ಮಗಳು ವಿದೇಶದಲ್ಲಿ, ಊರಿನಲ್ಲುಳಿದ ಇನ್ನೊಬ್ಬ ಮಗ ಮತ್ತು ಸೊಸೆ ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ಎಂಬುದು ಈಗ ವ್ಯಾಪಾರಿ ಕುಟುಂಬಗಳ ಸಾಮಾನ್ಯ ಚಿತ್ರ. ಹೀಗಿರುವಾಗ ಸಮಯವಿರುವಾಗಲೇ ವಿಚಾರ ಮಾಡುವುದು ಹಿರಿಯರಿಗೆ ಮಾಡುವ ಅಗೌರವವಲ್ಲ, ಅದು ಕರ್ತವ್ಯದ ಭಾಗವೇ ಆಗಿದೆ.

ಅಗತ್ಯವನ್ನು ಮೊದಲು ಅಳೆಯಬೇಕು

ವೃದ್ಧಾಶ್ರಮ ಎಂಬ ಒಂದೇ ಹೆಸರಿನಡಿ ನಾಲ್ಕು ಬಗೆಯ ವ್ಯವಸ್ಥೆಗಳು ಬೆರೆತುಹೋಗಿವೆ. ಮೊದಲನೆಯದು ನಿರ್ಗತಿಕರಿಗಾಗಿ ಸರ್ಕಾರ ಅಥವಾ ಧರ್ಮಾರ್ಥ ಸಂಸ್ಥೆಗಳು ನಡೆಸುವ ಆಶ್ರಮ. ಎರಡನೆಯದು ಸ್ವತಂತ್ರವಾಗಿ ಓಡಾಡಬಲ್ಲ ಹಿರಿಯರು ಮನೆ ಕೊಂಡು ಅಥವಾ ಬಾಡಿಗೆಗೆ ಪಡೆದು ವಾಸಿಸುವ ವಸತಿ ಸಮುಚ್ಚಯ. ಮೂರನೆಯದು ಸ್ನಾನ, ಉಡುಪು, ಔಷಧಿ ಮುಂತಾದ ನಿತ್ಯದ ಕೆಲಸಗಳಿಗೆ ಕೈಹಿಡಿಯುವ ನೆರವಿನ ವಸತಿ, ಅಂದರೆ ಅಸಿಸ್ಟೆಡ್ ಲಿವಿಂಗ್. ನಾಲ್ಕನೆಯದು ಹಾಸಿಗೆ ಹಿಡಿದವರಿಗೆ ಶುಶ್ರೂಷಕರ ಸತತ ಆರೈಕೆಯುಳ್ಳ ಕೇಂದ್ರ. ಎರಡನೆಯದರ ದರಪಟ್ಟಿ ನೋಡಿ ನಾಲ್ಕನೆಯದರ ಸೇವೆ ನಿರೀಕ್ಷಿಸುವುದೇ ಮುಂದಿನ ಬಹುಪಾಲು ತಕರಾರುಗಳ ಮೂಲ.

ಯಾವುದು ಬೇಕೆಂದು ತಿಳಿಯಲು ವೈದ್ಯರು ಬಳಸುವ ಸರಳ ಅಳತೆಯೊಂದಿದೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ಈ ಪಟ್ಟಿಯಲ್ಲಿ ಆರು ಕೆಲಸಗಳಿವೆ: ಸ್ನಾನ, ಉಡುಪು ಧರಿಸುವುದು, ಶೌಚಾಲಯ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರ ನಿಯಂತ್ರಣ ಮತ್ತು ಊಟ ಮಾಡುವುದು. ಇವುಗಳಲ್ಲಿ ಎಷ್ಟನ್ನು ಹಿರಿಯರು ತಾವೇ ಮಾಡಬಲ್ಲರು, ಎಷ್ಟಕ್ಕೆ ಪರರ ಕೈ ಬೇಕು ಎಂಬುದನ್ನು ಒಂದು ವಾರ ಗಮನಿಸಿ ಬರೆದಿಟ್ಟುಕೊಳ್ಳುವುದು ಒಳಿತು. ಜ್ಞಾಪಕಶಕ್ತಿಯ ಕುಂದು ಕಂಡುಬಂದಲ್ಲಿ ವೈದ್ಯರ ಪರೀಕ್ಷೆ ಅಗತ್ಯ. ಡಿಮೆನ್ಷಿಯಾ ಎಂಬ ಮರೆವಿನ ರೋಗವುಳ್ಳವರ ಆರೈಕೆಗೆ ಬೇರೆಯೇ ತರಬೇತಿ ಬೇಕಾಗುತ್ತದೆ.

ಹಗಲಿನ ಅಂಗಳವಲ್ಲ, ರಾತ್ರಿಯ ಪಾಳಿ

ಸಂಸ್ಥೆಗಳನ್ನು ನೋಡಲು ಹೋದವರಿಗೆ ಸಾಮಾನ್ಯವಾಗಿ ತೋರಿಸಲಾಗುವುದು ಹೂದೋಟ, ಪ್ರಾರ್ಥನಾ ಮಂದಿರ, ಸ್ವಾಗತ ಕೊಠಡಿ. ಇವು ಬೇಕು, ಆದರೆ ಆರೈಕೆಯ ಪರೀಕ್ಷೆ ನಡೆಯುವುದು ಬೇರೆಡೆ. ರಾತ್ರಿ ಎರಡು ಗಂಟೆಗೆ ಹಿರಿಯರು ಶೌಚಕ್ಕೆ ಏಳಬೇಕಾದಾಗ ಕರೆಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಯಾರು ಬರುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ. ರಾತ್ರಿ ಪಾಳಿಯಲ್ಲಿ ಎಷ್ಟು ನಿವಾಸಿಗಳಿಗೆ ಎಷ್ಟು ಆರೈಕೆದಾರರು, ಅವರಲ್ಲಿ ತರಬೇತಿ ಪಡೆದ ಶುಶ್ರೂಷಕರಿದ್ದಾರೆಯೇ ಎಂದು ಕೇಳಿ, ಹಾಜರಿ ಪುಸ್ತಕದೊಂದಿಗೆ ತಾಳೆ ನೋಡುವುದರಲ್ಲಿ ಸಂಕೋಚ ಸಲ್ಲದು. ಕಾರ್ಖಾನೆಯಲ್ಲಿ ಕಾರ್ಮಿಕರು ಪದೇ ಪದೇ ಬದಲಾದರೆ ಉತ್ಪನ್ನದ ಗುಣಮಟ್ಟ ಕೆಡುವಂತೆ, ಇಲ್ಲಿಯೂ ಸಿಬ್ಬಂದಿ ನಿಲ್ಲದಿದ್ದರೆ ಆರೈಕೆ ಕೆಡುತ್ತದೆ.

ಮುನ್ಸೂಚನೆ ನೀಡಿ ಒಮ್ಮೆ, ನೀಡದೆ ಇನ್ನೊಮ್ಮೆ ಭೇಟಿ ಕೊಡಬೇಕು. ಎರಡನೆಯ ಭೇಟಿ ಊಟದ ವೇಳೆಗಾದರೆ ಉತ್ತಮ. ಗಮನಿಸಬೇಕಾದ ಸಂಗತಿಗಳು ಇವು:

• ಸ್ನಾನಗೃಹದಲ್ಲಿ ಜಾರದ ನೆಲ, ಗೋಡೆಗೆ ಹಿಡಿಕೆ, ಗಾಲಿಕುರ್ಚಿ ಹಾಯುವಷ್ಟು ಅಗಲದ ಬಾಗಿಲು. ಮಹಡಿ ಕಟ್ಟಡವಾದರೆ ಸ್ಟ್ರೆಚರ್ ಹಿಡಿಸುವ ಲಿಫ್ಟ್ ಮತ್ತು ಜನರೇಟರ್.
• ಪ್ರತಿಯೊಬ್ಬರ ಔಷಧಿಗೆ ಪ್ರತ್ಯೇಕ ಪೆಟ್ಟಿಗೆ, ಕೊಟ್ಟ ಹೊತ್ತಿಗೆ ಸಹಿಯಾದ ದಾಖಲೆ.
• ಹಾಸಿಗೆ ಹಿಡಿದ ನಿವಾಸಿಗಳನ್ನು ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುವ ಕ್ರಮ. ಬೆನ್ನಿನ ಹುಣ್ಣು ಆರೈಕೆಯ ಕೊರತೆಯನ್ನು ಮೊದಲು ಬಯಲು ಮಾಡುತ್ತದೆ.
• ತುರ್ತು ಸಮಯದಲ್ಲಿ ಕರೆದೊಯ್ಯುವ ಆಸ್ಪತ್ರೆ ಯಾವುದು, ಎಷ್ಟು ದೂರ, ವಾಹನ ಯಾರದು.
• ಊಟದ ಪದ್ಧತಿ. ಜೋಳದ ರೊಟ್ಟಿ ಉಂಡು ಬೆಳೆದವರಿಗೆ ನಿತ್ಯ ಇಡ್ಲಿ ಒಗ್ಗದು. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಜೈನ ಹಿರಿಯರಿಗೆ ಅದಕ್ಕೆ ತಕ್ಕ ವ್ಯವಸ್ಥೆ ಬೇಕು.
• ಆರೈಕೆದಾರರಿಗೆ ಹಿರಿಯರ ಭಾಷೆ ಬರುತ್ತದೆಯೇ ಎಂಬುದು. ಮರೆವು ಹೆಚ್ಚಿದಂತೆ ಕೊನೆಯವರೆಗೆ ಉಳಿಯುವುದು ಹೆಚ್ಚಾಗಿ ತಾಯ್ನುಡಿಯೇ.

ಚಿಕಿತ್ಸೆಯನ್ನೂ ನೀಡುವುದಾಗಿ ಹೇಳುವ ಸಂಸ್ಥೆಯಿಂದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿಯ ನೋಂದಣಿಯ ಪ್ರತಿಯನ್ನು ಕೇಳಬೇಕು.

ಲೆಕ್ಕ ಐದು ವರ್ಷದ್ದಾಗಿರಲಿ

ಮಾಸಿಕ ಶುಲ್ಕವನ್ನಷ್ಟೇ ನೋಡಿ ನಿರ್ಧರಿಸುವುದು ತಪ್ಪಾದೀತು. ಉದಾಹರಣೆಗೆ, ತಿಂಗಳಿಗೆ 40,000 ರೂ. ಶುಲ್ಕವಿದ್ದು ವರ್ಷಕ್ಕೆ ಶೇ. 10ರಷ್ಟು ಏರಿಕೆಯ ಷರತ್ತಿದ್ದರೆ, ಆರನೆಯ ವರ್ಷದ ಆರಂಭಕ್ಕೆ ಅದು ಸುಮಾರು 64,400 ರೂ. ಆಗುತ್ತದೆ. ಮೊದಲ ಐದು ವರ್ಷಗಳ ಒಟ್ಟು ವೆಚ್ಚ 29 ಲಕ್ಷ ರೂ. ಮೀರುತ್ತದೆ. ಇದರ ಮೇಲೆ ಡೈಪರ್, ಫಿಸಿಯೋಥೆರಪಿ, ಆಮ್ಲಜನಕ, ವಿಶೇಷ ಆಯಾ ಮುಂತಾದ ಹೆಚ್ಚುವರಿ ಬಾಬ್ತುಗಳು ಬೇರೆ. ಮನೆಯಲ್ಲೇ ನೋಡಿಕೊಳ್ಳುವ ವೆಚ್ಚವನ್ನೂ ಇದರ ಪಕ್ಕದಲ್ಲಿ ಬರೆಯಬೇಕು. ಇಡೀ ದಿನದ ಆರೈಕೆಗೆ ಎರಡು ಪಾಳಿಗೆ ಇಬ್ಬರು, ರಜೆಯ ದಿನಗಳಿಗೆ ಮತ್ತೊಬ್ಬರು ಬೇಕಾಗುತ್ತಾರೆ ಎಂಬುದನ್ನು ಮರೆಯುವಂತಿಲ್ಲ.

ತೆರಿಗೆಯ ವಿಚಾರದಲ್ಲಿ ಮೂರು ಅಂಶಗಳು ಗಮನಾರ್ಹ. ಆದಾಯ ತೆರಿಗೆ ಕಾನೂನಿನಡಿ ನೋಂದಾಯಿತ ಧರ್ಮಾರ್ಥ ಸಂಸ್ಥೆಯ ವೃದ್ಧಾಶ್ರಮದಲ್ಲಿ 60 ವರ್ಷ ತುಂಬಿದವರಿಗೆ ತಿಂಗಳಿಗೆ ತಲಾ 25,000 ರೂ. ವರೆಗಿನ ಶುಲ್ಕಕ್ಕೆ 2018ರ ಜುಲೈನಲ್ಲಿ ಜಿಎಸ್‌ಟಿ ವಿನಾಯಿತಿ ನೀಡಲಾಯಿತು. ಲಾಭಕ್ಕಾಗಿ ನಡೆಸುವ ಕಂಪನಿಯ ವಸತಿಗೆ ಇದು ಅನ್ವಯಿಸದು. ಆದ್ದರಿಂದ ಹೇಳಿದ ದರ ತೆರಿಗೆ ಸಹಿತವೋ ರಹಿತವೋ ಎಂದು ಮೊದಲೇ ಕೇಳಬೇಕು. ಎರಡನೆಯದಾಗಿ, ಆರೋಗ್ಯ ವಿಮೆಯಿಲ್ಲದ ಹಿರಿಯ ನಾಗರಿಕರಾದ ತಂದೆ-ತಾಯಿಯ ವೈದ್ಯಕೀಯ ವೆಚ್ಚಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 50,000 ರೂ. ವರೆಗೆ ಕಡಿತ ಲಭ್ಯ. ಇದಕ್ಕೆ ಪಾವತಿ ನಗದಿನಲ್ಲಿ ಆಗಿರಬಾರದು. ಮೂರನೆಯದಾಗಿ, ವಸತಿಯ ಶುಲ್ಕ ವೈಯಕ್ತಿಕ ವೆಚ್ಚವಾದ್ದರಿಂದ ಅದನ್ನು ಅಂಗಡಿಯ ಖರ್ಚಿನ ಲೆಕ್ಕದಲ್ಲಿ ತೋರಿಸಲಾಗದು.

ಒಪ್ಪಂದ ಪತ್ರದ ಕಲಮುಗಳು

ಕರಾರಿನಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಬೇಕಾದುದು ನಿವಾಸಿಯನ್ನು ಹೊರಕಳಿಸುವ ಕಲಮು. ಹಾಸಿಗೆ ಹಿಡಿದರೆ ಅಥವಾ ಮರೆವಿನ ರೋಗ ಬಲಿತರೆ ಕರೆದೊಯ್ಯಬೇಕು ಎಂಬ ಸಾಲು ಅದರಲ್ಲಿದ್ದರೆ, ಆ ಸಂಸ್ಥೆ ಒಳ್ಳೆಯ ದಿನಗಳಿಗೆ ಮಾತ್ರ ಆಸರೆಯೆಂದು ತಿಳಿಯಬೇಕು. ಕಷ್ಟದ ವರ್ಷಗಳಿಗೂ ಜಾಗವಿರುವ ಸಂಸ್ಥೆಗೆ ಸ್ವಲ್ಪ ಹೆಚ್ಚು ತೆತ್ತರೂ ನಷ್ಟವಿಲ್ಲ. ಠೇವಣಿ ಎಷ್ಟು ದಿನದಲ್ಲಿ ಮರಳುತ್ತದೆ, ಯಾವ ಕಡಿತಗಳಿವೆ, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಶುಲ್ಕ ಪೂರ್ಣವೇ, ಬಿಡುವ ಮುನ್ನ ಎಷ್ಟು ದಿನದ ನೋಟಿಸು ಎಂಬುವು ಬರಹದಲ್ಲಿರಬೇಕು. ಬಾಯಿಮಾತಿನ ಭರವಸೆಗೆ ಇಲ್ಲಿ ಬೆಲೆಯಿಲ್ಲ. ಹಣ ಪಡೆದು ನೀಡುವ ಸೇವೆಯಲ್ಲಿ ಕೊರತೆಯಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ದೂರು ನೀಡಲು ಅವಕಾಶವಿದ್ದು, ಆಗ ನೆರವಾಗುವುದು ಈ ಬರಹವೇ.

ಆಸ್ತಿ, ಅಧಿಕಾರ ಮತ್ತು ಕಾನೂನು

ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ ಪ್ರಕಾರ ಹಿರಿಯರನ್ನು ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂ. ವರೆಗೆ ದಂಡ ಅಥವಾ ಎರಡೂ ಉಂಟು. ಅದೇ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯ ವರ್ಗಾವಣೆಯನ್ನು ಷರತ್ತು ಮೀರಿದಾಗ ರದ್ದುಗೊಳಿಸಬಹುದು. ಇಂತಹ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಕಾಯ್ದೆಯನ್ನು ಹಿರಿಯರ ಹಿತಕ್ಕೆ ಪೂರಕವಾಗಿ, ಉದಾರವಾಗಿ ಅರ್ಥೈಸಬೇಕೆಂದಿತು. ದಾನಪತ್ರದಲ್ಲೇ ಷರತ್ತನ್ನು ಸ್ಪಷ್ಟವಾಗಿ ಬರೆಸುವುದು ಹಿರಿಯರಿಗೂ ಮಕ್ಕಳಿಗೂ ಕ್ಷೇಮ.

ವರ್ತಕ ಕುಟುಂಬಗಳು ಮರೆಯುವ ಇನ್ನೊಂದು ವಿಷಯವಿದೆ. ಹಿರಿಯರು ಇಂದಿಗೂ ಅಂಗಡಿಯ ಮಾಲೀಕರೋ ಪಾಲುದಾರರೋ ಆಗಿದ್ದು, ಬ್ಯಾಂಕಿನ ಸಹಿ ಅವರದೇ ಆಗಿರುವುದುಂಟು. ಅವರು ಬರೆದುಕೊಟ್ಟ ಸಾಮಾನ್ಯ ಅಧಿಕಾರ ಪತ್ರವಿದ್ದರೆ ಸಾಕೆಂಬ ನಂಬಿಕೆ ಸರಿಯಲ್ಲ. ಭಾರತೀಯ ಕರಾರು ಕಾಯ್ದೆ, 1872ರ 201ನೇ ಕಲಮಿನಂತೆ, ಅಧಿಕಾರ ಕೊಟ್ಟವರ ಬುದ್ಧಿಸ್ಥಿಮಿತ ತಪ್ಪಿದಾಗ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಪತ್ರ ಅತ್ಯಗತ್ಯವಾಗುವ ದಿನವೇ ಅದು ಬಲ ಕಳೆದುಕೊಳ್ಳುತ್ತದೆ ಎಂದರ್ಥ. ಪಾಲುದಾರಿಕೆ ಪತ್ರದ ತಿದ್ದುಪಡಿ, ಜಿಎಸ್‌ಟಿ ಸಹಿದಾರರ ಬದಲಾವಣೆ, ನಾಮನಿರ್ದೇಶನ, ಉಯಿಲು ಇವೆಲ್ಲ ಹಿರಿಯರ ಮನಸ್ಸು ತಿಳಿಯಾಗಿರುವಾಗ, ಅವರ ಇಚ್ಛೆಯಂತೆಯೇ ಮುಗಿಯಬೇಕು.

ನೋಡಿದವರೇ ಹೇಳಲಿ

ಕೊನೆಯ ಮತ್ತು ಹಿರಿದಾದ ಮಾತು ಹಿರಿಯರ ಒಪ್ಪಿಗೆಯದು. ಐವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನೂರಾರು ಜನರಿಗೆ ಉದ್ರಿ ಕೊಟ್ಟು, ವಸೂಲು ಮಾಡಿ, ಮನೆತನ ಕಟ್ಟಿದವರನ್ನು ಒಂದು ಮಧ್ಯಾಹ್ನ ವಾಹನದಲ್ಲಿ ಕೂರಿಸಿ ಅರಿಯದ ಕೋಣೆಗೆ ಒಯ್ಯುವುದು ಸರಿಯಲ್ಲ. ಎರಡು ಮೂರು ಕಡೆ ಅವರನ್ನೇ ಕರೆದೊಯ್ದು ತೋರಿಸಬೇಕು. ಸಂಸ್ಥೆಯಲ್ಲಿ ಅಲ್ಪಾವಧಿ ವಾಸದ ಅನುಕೂಲವಿದ್ದರೆ ಮೊದಲು ಒಂದು ತಿಂಗಳು ಇದ್ದು ನೋಡಿ, ಬಳಿಕ ನಿರ್ಧರಿಸುವ ಸ್ವಾತಂತ್ರ್ಯವನ್ನು ಅವರಿಗೆ ನೀಡಬೇಕು. ಅವರು ಬೇಡವೆಂದರೆ ಕಾರಣವನ್ನು ಕಿವಿಗೊಟ್ಟು ಕೇಳಬೇಕು. ಆ ಕಾರಣ ಅನೇಕ ವೇಳೆ ಊಟವೋ ದೂರವೋ ಆಗಿದ್ದು, ಪರಿಹಾರ ಸುಲಭವಿರುತ್ತದೆ.

ಸೇರಿಸಿದ ಮೇಲೆ ಭೇಟಿಯ ದಿನ ತಪ್ಪಬಾರದು. ಪದೇ ಪದೇ ಮನೆಯವರು ಬಂದು ಹೋಗುವ ನಿವಾಸಿಯ ಆರೈಕೆಯಲ್ಲಿ ಸಿಬ್ಬಂದಿಯೂ ಎಚ್ಚರ ವಹಿಸುತ್ತಾರೆ. ಮಾರ್ಗದರ್ಶನ ಬೇಕಾದವರು ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು. ದೀಪಾವಳಿಯ ಲಕ್ಷ್ಮೀಪೂಜೆಗೆ ಹಿರಿಯರನ್ನು ಅಂಗಡಿಗೆ ಕರೆತಂದು, ಹೊಸ ಲೆಕ್ಕದ ಪುಸ್ತಕಕ್ಕೆ ಅವರ ಕೈಯಿಂದಲೇ ಅರಿಶಿನ ಕುಂಕುಮ ಹಚ್ಚಿಸುವ ಕುಟುಂಬದಲ್ಲಿ, ಅವರು ವಾಸಿಸುವ ಜಾಗ ಬದಲಾದರೂ ಸ್ಥಾನ ಬದಲಾಗುವುದಿಲ್ಲ.